ಡುಬ್ಬಿಗೆ ಹೊಸ ಇಂಜಿನ್ನು

ಗುರುವಾರ ಬೆಳಿಗ್ಗೆ ಬಂತೆಂದರೆ ಹೊಲಿಗೆಯಮ್ಮನಿಗೆ ಒಂದು ಸುಖ ಕಾದಿರುತ್ತಿತ್ತು. ಅದು ಎಂಥ ಸುಖವೆಂದು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ನಗುತ್ತಾರೆ. ಮನೆಗೆ ಸೊಸೆ ಬಂದ ಮೇಲೆ, ಕನ್ನಡಕದ ನಂಬರು ಏರಿದ ಮೇಲೆ, ಈಯಮ್ಮನಿಗೆ ಇದೇನು ಹುಚ್ಚಪ್ಪಾ ಎನ್ನುತ್ತಾರೆ. ಅದಕ್ಕೇ ಅದನ್ನು ಮನಸ್ಸಿನ ಮೂಲೆಯಲ್ಲಿ ಒಳ್ಳೆಯ ಬಟ್ಟೆಯ ತುಂಡಿನ ಹಾಗೆ ಮಡಿಸಿ ಇಟ್ಟುಕೊಂಡಿದ್ದಳು.

ವಾರವಿಡೀ ಅವಳು ಗುಡ್ಡದ ಮೇಲಿನ ಆಸ್ಪತ್ರೆಗೆ ಹೊಲಿಯುತ್ತಿದ್ದಳು. ನರ್ಸುಗಳ ಅಂಗಿ, ಮಂಚಗಳ ನಡುವೆ ಇಳಿಬಿಡುವ ಪರದೆ, ದಿಂಬಿನ ಚೀಲ. ಗುರುವಾರ ಅವನ್ನೆಲ್ಲ ಇಸ್ತ್ರಿ ಮಾಡಿ, ಗಂಟು ಕಟ್ಟಿ, ಡುಬ್ಬಿಯ ಹಿಂದಿನ ಸೀಟಿಗೆ ತುರುಕುವುದು. ಯಜಮಾನರು ಸ್ಟೀರಿಂಗ್ ಹಿಡಿಯುತ್ತಿದ್ದರು, ಅವಳು ಪಕ್ಕದಲ್ಲಿ ಕೂರುತ್ತಿದ್ದಳು. ಡುಬ್ಬಿ ಎಂದರೆ ಅವರ ಕಾರು. ಬೆನ್ನು ದುಂಡಗಿದ್ದ ಪುಟಾಣಿ ಹಳೇ ಕಾರು, ಎರಡೇ ಬಾಗಿಲು, ಕೆನೆಯ ಬಣ್ಣ. ಅದನ್ನು ತಯಾರಿಸಿದ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಡುಬ್ಬಿಗೆ ಮಾತ್ರ ಆ ಸುದ್ದಿ ಮುಟ್ಟಿದಂತಿರಲಿಲ್ಲ.

ಗುಡ್ಡದ ರಸ್ತೆಯಲ್ಲಿ ಮೂರನೇ ತಿರುವು ಬಲು ಕಡಿದು. ಅಲ್ಲಿಗೆ ಬರುವಷ್ಟರಲ್ಲಿ ಡುಬ್ಬಿಗೆ ಏದುಸಿರು ಬರುತ್ತಿತ್ತು. ಆಗ ಯಜಮಾನರು ಮುಂದಕ್ಕೆ ಬಾಗಿ, ಯಾರಿಗೋ ಕಿವಿಯಲ್ಲಿ ಹೇಳುವ ಹಾಗೆ ಶುರುಮಾಡುತ್ತಿದ್ದರು.

“ಬಾರೇ ನನ್ನ ಬಂಗಾರ. ಇನ್ನೊಂದು ಸ್ವಲ್ಪ. ಆಗುತ್ತೆ, ಆಗುತ್ತೆ, ಯಾಕಾಗಲ್ಲ? ನಿನ್ನ ಬಿಟ್ರೆ ನಂಗ್ಯಾರಿದಾರೆ ಹೇಳು? ಹಾಂ... ಹಂಗೇ... ಜಾಣೆ ನೀನು.”

ಹೊಲಿಗೆಯಮ್ಮ ಕಣ್ಣು ಮುಚ್ಚಿ, ತಲೆಯನ್ನು ಕಿಟಕಿಗೆ ಆನಿಸಿ ಕೂತಿರುತ್ತಿದ್ದಳು. ರಸ್ತೆ ಬದಿಯ ಮರಗಳ ನೆರಳೂ ಬಿಸಿಲೂ ರೆಪ್ಪೆಯ ಮೇಲೆ ಒಂದಾದ ಮೇಲೊಂದು ಹಾದುಹೋಗುತ್ತಿದ್ದವು. ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ ಅವಳಿಗೆ ವಯಸ್ಸಿರಲಿಲ್ಲ, ಮಂಡಿನೋವಿರಲಿಲ್ಲ. ಆ ಮಾತುಗಳನ್ನೆಲ್ಲ ಅವಳು ತನಗೇ ಎಂದು ತೆಗೆದುಕೊಂಡುಬಿಡುತ್ತಿದ್ದಳು. ಕಾರಿಗೆ ಹೇಳಿದ್ದೆಂದು ಗೊತ್ತಿಲ್ಲದೆ ಏನಿಲ್ಲ. ಗೊತ್ತಿದ್ದೂ ತೆಗೆದುಕೊಳ್ಳುತ್ತಿದ್ದಳು. ಯಾರಿಗೇನು ನಷ್ಟ?

ಮನೆಯಲ್ಲಿ ಯಜಮಾನರ ಬಾಯಿಂದ ನಾಲ್ಕು ಮಾತು ಬಂದರೆ ಅದೇ ದೊಡ್ಡದು. ಸಿಟ್ಟಿನ ಮನುಷ್ಯ ಅಂತಲ್ಲ, ಪಾಪ. ಕೆಲಸ ಮಾಡಿದಷ್ಟು ಕಾಲ ಸೋಪಿನ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿದ್ದವರು. ಅಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಕೇಳಿಸುವುದಿಲ್ಲ, ಎಲ್ಲ ಕೈಸನ್ನೆಯಲ್ಲೇ ಆಗಬೇಕು. ಆ ಸನ್ನೆಗಳನ್ನೇ ಅವರು ಮನೆಗೂ ತಂದರು. ಎರಡು ಬೆರಳು ಎತ್ತಿದರೆ ಇನ್ನಷ್ಟು ಅನ್ನ. ಅಂಗೈ ಅಡ್ಡ ಹಿಡಿದರೆ ಸಾಕು. ಮುಷ್ಟಿ ತಿರುಗಿಸಿದರೆ ಒಲೆ ಆರಿಸು. ಮಗ ಹುಟ್ಟಿದಾಗ ವಾರ್ಡಿನ ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತಿ ತೋರಿಸಿದ್ದರು. ಅವಳ ತಾಯಿ ತೀರಿಕೊಂಡಾಗ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಸಂಜೆಯವರೆಗೂ ಅವಳ ಪಕ್ಕ ನಿಂತಿದ್ದರು. ಕಾರಿನಲ್ಲಿ ಮಾತ್ರ ಒಂದು ಕೈ ಸ್ಟೀರಿಂಗಿಗೆ, ಇನ್ನೊಂದು ಗೇರಿಗೆ. ಎರಡೂ ಕೈಗೆ ಕೆಲಸವಿದ್ದದ್ದರಿಂದ ಅಲ್ಲಿ ಬಾಯಿ ತೆರೆಯುತ್ತಿತ್ತು.

ಹೀಗಿರುವಾಗ ಒಂದು ಗುರುವಾರ ಡುಬ್ಬಿ ಮೂರನೇ ತಿರುವಿನಲ್ಲಿ ನಿಂತೇಬಿಟ್ಟಿತು. ನಿಂತದ್ದು ಹಿಂದಕ್ಕೆ ಉರುಳತೊಡಗಿತು. ಹಿಂದಿದ್ದ ಹಾಲಿನ ವ್ಯಾನಿನವನು ಹಾರ್ನ್ ಒತ್ತಿ ಒತ್ತಿ ಪಕ್ಕಕ್ಕೆ ಸರಿದ. ಡುಬ್ಬಿ ರಸ್ತೆ ಬದಿಯ ಕಲ್ಲುಕಟ್ಟೆಗೆ ಬೆನ್ನು ಕೊಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನರ್ಸುಗಳ ಅಂಗಿಯ ಗಂಟು ಮಾತ್ರ ಬಿಚ್ಚಿ ಸೀಟಿನ ತುಂಬ ಹರಡಿತ್ತು.

ರಾತ್ರಿ ಊಟದ ಮೇಜಿನ ಮೇಲೆ ಅದೇ ಮಾತು. ಮಗನಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಸೊಸೆಗೆ ಶಾಲೆಯಲ್ಲಿ. ಗ್ಯಾರೇಜು ನಡೆಸುವ ಮಗಳು ಎರಡು ಬೀದಿಯಾಚೆಯಿಂದ, ಕೈಗೆ ಹತ್ತಿದ ಗ್ರೀಸನ್ನೂ ಸರಿಯಾಗಿ ತೊಳೆಯದೆ ಓಡಿಬಂದಿದ್ದಳು.

“ಮಾರಿಬಿಡಿ ಅಪ್ಪಾ,” ಅಂದ ಮಗ. “ಅದು ಕಾರಲ್ಲ, ಕಂಟಕ.”

ಯಜಮಾನರು ಅಂಗೈ ಅಡ್ಡ ಹಿಡಿದರು. ಸಾಕು, ಆ ಮಾತು ಬೇಡ.

“ಮಾರೋದೇನೂ ಬೇಡ,” ಅಂದಳು ಮಗಳು, ಆಲೂಗಡ್ಡೆ ಬಡಿಸಿಕೊಳ್ಳುತ್ತಾ. “ಮೈಯೆಲ್ಲಾ ಗಟ್ಟಿ ಇದೆ, ತುಕ್ಕಿಲ್ಲ. ಇಂಜಿನ್ ಒಂದು ಸತ್ತಿದೆ. ಅದಕ್ಕೆ ಸಾಮಾನು ಎಲ್ಲೂ ಸಿಗಲ್ಲ. ಬೇರೆ ಇಂಜಿನ್ ಕೂರಿಸೋಣ. ಹಿಂಭಾಗ ಜಜ್ಜಿಹೋದ ಚಿಕ್ಕ ಕಾರೊಂದು ನನ್ನ ಗ್ಯಾರೇಜಲ್ಲಿ ಬಿದ್ದಿದೆ. ಅದರ ಇಂಜಿನ್ ಮುತ್ತಿನಂಗಿದೆ.”

“ಕೂರುತ್ತಾ ಅದು ಈ ಡಬ್ಬಿಯೊಳಗೆ?” ಮಗ ನಕ್ಕ.

“ಕೂರಿಸ್ತೀನಿ. ಅಮ್ಮ, ನಿನ್ನ ಟೇಪ್ ಕೊಡು.”

ಹೊಲಿಗೆಯಮ್ಮ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಟೇಪು ಕೊರಳಲ್ಲೇ ನೇತಾಡುತ್ತಿತ್ತು, ಆದರೆ ಕೈ ಅದರ ಹತ್ತಿರ ಹೋಗಲಿಲ್ಲ.

“ಹೊಸ ಇಂಜಿನ್ ಅಂದ್ರೆ... ಏದುಸಿರು ಬಿಡಲ್ವಾ?”

“ಏದುಸಿರಾ? ಗುಡ್ಡ ಹತ್ತಿದ್ದೇ ಗೊತ್ತಾಗಲ್ಲ ನಿಂಗೆ.”

“ಪೆಟ್ರೋಲು ಜಾಸ್ತಿ ಕುಡಿಯುತ್ತೆ.”

“ಕಮ್ಮಿ ಕುಡಿಯುತ್ತೆ.”

“ಮುಂದೆ ಭಾರ ಜಾಸ್ತಿ ಆಗುತ್ತೆ.”

“ಸ್ಪ್ರಿಂಗು ಬದಲಾಯಿಸ್ತೀನಿ. ಬ್ರೇಕೂ ಬದಲಾಯಿಸ್ತೀನಿ. ಓಡೋದು ಜೋರಾದ್ರೆ ನಿಲ್ಲೋದೂ ಜೋರಾಗ್ಬೇಕಲ್ಲ.”

“ಕಾಲಿಗೆ ಬಿಸಿ ಬಡಿಯುತ್ತೆ!” ಹೊಲಿಗೆಯಮ್ಮನ ದನಿ ತಾನಾಗಿಯೇ ಏರಿತು.

ಎಲ್ಲರೂ ಅವಳ ಮುಖ ನೋಡಿದರು. “ಅತ್ತೇ, ನಿಮಗೆ ಇಂಜಿನ್ ಬಗ್ಗೆ ಇಷ್ಟೆಲ್ಲಾ ಗೊತ್ತಾ?” ಅಂದಳು ಸೊಸೆ, ನಿಜವಾಗಿಯೂ ಬೆರಗಾಗಿ. ಹೊಲಿಗೆಯಮ್ಮ ಎದ್ದು ಅನ್ನದ ಪಾತ್ರೆ ಹಿಡಿದು ಒಳಗೆ ಹೋದಳು. ಪಾತ್ರೆ ತುಂಬಿಯೇ ಇತ್ತು.

ಮಾರನೆಯ ದಿನವೇ ಡುಬ್ಬಿ ಗ್ಯಾರೇಜು ಸೇರಿತು. ಮಗಳು ಟೇಪು ಹಿಡಿದು ಬಾನೆಟ್ಟಿನೊಳಗೆ ತಲೆ ತೂರಿಸಿ, ಮದುವಣಗಿತ್ತಿಗೆ ರವಿಕೆ ಅಳೆಯುವ ಹಾಗೆ ಉದ್ದ ಅಗಲ ಅಳೆದಳು. ಮೂರು ಬೆರಳಿನಷ್ಟು ಜಾಗ ಸಾಲಲಿಲ್ಲ. ರೇಡಿಯೇಟರನ್ನು ಮುಂದಕ್ಕೆ ತಳ್ಳಿದಳು. ಇಂಜಿನ್ ಕೂರುವ ಕಬ್ಬಿಣದ ತೋಳುಗಳನ್ನು ಕತ್ತರಿಸಿ ಹೊಸದಾಗಿ ಬೆಸೆದಳು. ಹಳೇ ಗೇರ್ ಬಾಕ್ಸು ಹೊಸ ಇಂಜಿನ್ನಿನ ಮುಂದೆ ಎರಡು ದಿನವೂ ತಾಳುವುದಿಲ್ಲವೆಂದು ಅದನ್ನೂ ಕಿತ್ತಳು. ಹೊಸ ಗೇರಿನ ಕೋಲು ಒಂದು ಗೇಣು ಹಿಂದಕ್ಕೆ ಬಂದದ್ದರಿಂದ ಕಾರಿನ ನೆಲಕ್ಕೂ ಕತ್ತರಿ ಬಿತ್ತು. ಇಂಜಿನ್ನಿನ ನಂಬರು ಬದಲಾದದ್ದಕ್ಕೆ ಸಾರಿಗೆ ಕಚೇರಿಗೆ ಎರಡು ಸಲ ಅಲೆದು ಠಸ್ಸೆ ಹಾಕಿಸಿಕೊಂಡು ಬಂದಳು. “ಒಂದು ಬದಲಾಯಿಸೋಕೆ ಹೋದ್ರೆ ಹತ್ತು ಬದಲಾಯಿಸ್ಬೇಕು ಕಣೋ,” ಎಂದು ಅಣ್ಣನ ಮುಂದೆ ಗೊಣಗಿದಳು. “ನಾನು ಮೊದಲೇ ಹೇಳಿರಲಿಲ್ವಾ?” ಅಂದ ಅಣ್ಣ. ಇಬ್ಬರೂ ಚಿಕ್ಕಂದಿನಲ್ಲಿ ಜಗಳವಾಡಿದಷ್ಟೇ ಜೋರಾಗಿ ಜಗಳವಾಡಿದರು.

ಯಜಮಾನರು ದಿನವೂ ಅಲ್ಲೇ. ಮಗಳಿಗೆ ಸ್ಪ್ಯಾನರು ಕೊಡುವುದು, ಟಾರ್ಚು ಹಿಡಿಯುವುದು. ಅಪ್ಪನೂ ಮಗಳೂ ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಹೊಲಿಗೆಯಮ್ಮ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದಳು. ಕಾಲಿಗೆ ಬಿಸಿ ಬಡಿಯುತ್ತದೆಂದು ಅವಳು ಬಾಯಿಗೆ ಬಂದದ್ದನ್ನು ಹೇಳಿದ್ದಳಲ್ಲ, ಅದು ನಿಜವೇ ಆಗಿತ್ತು. ಹೊಸ ಇಂಜಿನ್ನು ಕಾಲಿಡುವ ಜಾಗದ ಮುಂದಿನ ತಗಡಿಗೆ ತೀರಾ ಹತ್ತಿರ ಕೂತಿತ್ತು. “ಅಮ್ಮ, ನೀನು ಸರಿಯಾಗೇ ಹೇಳಿದ್ದೆ. ದಪ್ಪ ಕಂಬಳಿ ಬಟ್ಟೇಲಿ ಒಂದು ಹೊದಿಕೆ ಹೊಲ್ಕೊಡು,” ಅಂದಳು ಮಗಳು. ತನಗೆ ಬೇಡವಾದ ಇಂಜಿನ್ನಿಗೆ ಹೊಲಿಗೆಯಮ್ಮ ತಾನೇ ಕೂತು, ಮೂರು ಪದರ ಸೇರಿಸಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ ಹೊದಿಕೆ ಹೊಲಿದಳು. ಕೆಲಸ ಕೆಡಿಸುವುದು ಅವಳ ಕೈಗೆ ಬರುತ್ತಿರಲಿಲ್ಲ, ಏನು ಮಾಡುವುದು?

ಹಳೇ ಇಂಜಿನ್ನು ಗ್ಯಾರೇಜಿನ ಮೂಲೆಯಲ್ಲಿ ಒಂದು ಟೈರಿನ ಮೇಲೆ ಕೂತಿತ್ತು. ಇಷ್ಟು ದಿನ ಗುಡ್ಡ ಹತ್ತಿಸಿದ್ದು ಇಷ್ಟು ಸಣ್ಣದಾ ಎಂದು ಅವಳಿಗೆ ಆಶ್ಚರ್ಯ. ಮಾಡಿನ ಸಂದಿಯಿಂದ ಬಿಸಿಲಿನ ಒಂದು ಪಟ್ಟಿ ಅದರ ಮೇಲೆ ಬಿದ್ದಿತ್ತು, ಆ ಬಿಸಿಲಿನಲ್ಲಿ ಧೂಳು ನಿಧಾನ ತೇಲುತ್ತಿತ್ತು. ತಂದೆ ಮಗಳು ಆಚೆ ಟೀ ಕುಡಿಯಲು ಹೋದಾಗ ಅವಳು ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು, ಸೆರಗಿನಿಂದ ಅದರ ನೆತ್ತಿ ಒರೆಸಿದಳು. ಸೆರಗಿಗೆ ಕರಿ ಹತ್ತಿತು.

“ನೀನಾದ್ರೂ ಹೇಳು,” ಎಂದು ಕೇಳಿದಳು. “ಎಲ್ಲಾ ನಿಂಗೇ ಹೇಳ್ತಿದ್ರಾ?”

ಅದು ಏನು ಹೇಳೀತು? ಗ್ಯಾರೇಜಿನ ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅವಳು ಬುತ್ತಿಯ ಡಬ್ಬಿ ಎತ್ತಿಕೊಂಡು ಮನೆಗೆ ಬಂದಳು.

ಕೆಲವು ವಾರಗಳಾದ ಮೇಲೆ ಡುಬ್ಬಿ ಮನೆ ಮುಂದೆ ಬಂದು ನಿಂತಿತು. ಸೊಸೆ ಚಪ್ಪಾಳೆ ತಟ್ಟಿದಳು. ಮಗನೂ ಸುತ್ತ ಒಂದು ಸುತ್ತು ಹಾಕಿ, “ಪರವಾಗಿಲ್ವೇ,” ಅಂದ. ಗುರುವಾರ ಗಂಟು ತುಂಬಿಕೊಂಡು ಹೊರಟರು. ಹೊಲಿಗೆಯಮ್ಮ ಎಂದಿನಂತೆ ತಲೆಯನ್ನು ಕಿಟಕಿಗೆ ಆನಿಸಿದಳು. ಕಣ್ಣು ಮುಚ್ಚಿದಳು. ಮೊದಲ ತಿರುವು ಹೋಯಿತು, ಎರಡನೆಯದೂ ಹೋಯಿತು. ಮೂರನೆಯದರಲ್ಲಿ ಯಜಮಾನರು ಅಭ್ಯಾಸಬಲದಿಂದ ಮುಂದಕ್ಕೆ ಬಾಗಿದರು.

“ಬಾ...”

ಅಷ್ಟರಲ್ಲಿ ಡುಬ್ಬಿ ತಿರುವು ದಾಟಿಬಿಟ್ಟಿತ್ತು. ಹೇಳಲು ಏನೂ ಉಳಿದಿರಲಿಲ್ಲ. ಯಜಮಾನರು ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಒರಗಿದರು. ಹೊಲಿಗೆಯಮ್ಮ ಕಣ್ಣು ತೆರೆದಳು. ಬಿಸಿಲು ಬರಿಯ ಬಿಸಿಲಾಗಿತ್ತು, ಮರಗಳು ಬರಿಯ ಮರಗಳಾಗಿದ್ದವು. ಆಸ್ಪತ್ರೆಯ ಗೇಟು ಇಷ್ಟು ಬೇಗ ಬಂತಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

“ನಿದ್ದೆ ಬರ್ಲಿಲ್ವಾ?” ಎಂದು ಯಜಮಾನರು ಕೆನ್ನೆಯ ಕೆಳಗೆ ಅಂಗೈ ಇಟ್ಟು ಸನ್ನೆಯಲ್ಲಿ ಕೇಳಿದರು.

“ಇಲ್ಲ,” ಅಂದಳು.

ಆಮೇಲಿನ ವಾರಗಳಲ್ಲಿ ಮನೆಯ ರುಚಿಯೇ ಕೆಟ್ಟಿತು. ಬೇಳೆಗೆ ಉಪ್ಪು ಎರಡು ಸಲ ಬಿತ್ತು. ಒಂದು ನರ್ಸಿನ ಅಂಗಿಗೆ ಎಡತೋಳು ಎರಡು ಬಂತು. ಹೊಲಿಗೆಯಮ್ಮನ ಕೈಯಲ್ಲಿ ಅಂಥ ತಪ್ಪು ಹಿಂದೆಂದೂ ಆಗಿರಲಿಲ್ಲ. ಸೊಸೆ ಪಾತ್ರೆ ತೊಳೆಯಲು ಬಂದರೆ, “ಬಿಡು, ನಂಗೂ ಕೈಯಿದೆ,” ಎಂದು ಸಿಡಿದಳು. ಮಗ ಟೀಯಲ್ಲಿ ಸಕ್ಕರೆ ಕಮ್ಮಿ ಎಂದದ್ದಕ್ಕೆ ಸಕ್ಕರೆ ಡಬ್ಬಿಯನ್ನೇ ಅವನ ಮುಂದೆ ಕುಕ್ಕಿದಳು.

“ಅಮ್ಮನಿಗೆ ಏನಾಗಿದೆ?” ಎಂದು ಮಗ ಹೆಂಡತಿಯನ್ನು ಕೇಳಿದ.

“ನನ್ನ ಕೇಳಿದ್ರೆ? ಅವರ ಮಗ ನೀವು.”

ಒಂದು ಬುಧವಾರ ಊಟದ ಹೊತ್ತಿನಲ್ಲಿ ಯಜಮಾನರು ಎಂದಿನಂತೆ ಎರಡು ಬೆರಳು ಎತ್ತಿದರು. ಹೊಲಿಗೆಯಮ್ಮ ಸೌಟು ಹಿಡಿದುಕೊಂಡು ಸುಮ್ಮನೆ ನಿಂತಳು. ಅವಳಿಗೆ ಕಾಣಿಸಲಿಲ್ಲವೇನೋ ಎಂದು ಅವರು ಬೆರಳುಗಳನ್ನು ಇನ್ನಷ್ಟು ಮೇಲೆತ್ತಿದರು.

“ಬಾಯಲ್ಲಿ ಹೇಳ್ರೀ!” ಎಂದಳು ಅವಳು. “ನಾನೇನು ಬಾಯ್ಲರಾ?”

ಮೇಜಿನ ಸುತ್ತ ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಯಜಮಾನರು ಕಕ್ಕಾಬಿಕ್ಕಿಯಾಗಿ, ಎರಡೂ ಅಂಗೈ ಬಿಚ್ಚಿ, ಏನಾಯ್ತು ಎಂದು ಕೇಳಿದರು. ಅದೂ ಸನ್ನೆಯೇ.

“ನೋಡಿ, ನೋಡಿ! ಮತ್ತೆ ಕೈ!” ಅವಳು ಸೌಟನ್ನು ಪಾತ್ರೆಯೊಳಗೆ ಕುಕ್ಕಿದಳು. “ನಾಳೆ ನೀವೊಬ್ರೇ ಹೋಗಿ. ನಿಮ್ಮ ಪಕ್ಕ ಗಂಟಿನ ಜೊತೆ ಇನ್ನೊಂದು ಗಂಟಾಗಿ ಕೂತು ಬರೋಕೆ ನನ್ನಿಂದಾಗಲ್ಲ.”

“ಮಾವಾ, ಏನಾದ್ರೂ ಹೇಳಿ,” ಎಂದಳು ಸೊಸೆ ಮೆಲ್ಲಗೆ.

ಯಜಮಾನರ ತುಟಿ ಅಲುಗಿತು. “ಒಬ್ಬನೇ ಹೋಗಲ್ಲ,” ಎಂದಷ್ಟೇ ಹೇಳಿದರು.

“ಹಾಗಾದ್ರೆ ಓಡಿಸೋದು ನಾನು. ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಹೆಂಗಿರುತ್ತೆ ಅಂತ ಗೊತ್ತಾಗ್ಲಿ ನಿಮಗೂ!”

ಸಿಟ್ಟಿನಲ್ಲಿ ಆಡಿದ ಮಾತು. ಮರುದಿನಕ್ಕೆ ಮರೆತುಹೋಗಬೇಕಿತ್ತು. ಆದರೆ ಸೊಸೆ ಅದನ್ನು ನಾದಿನಿಯ ಕಿವಿಗೆ ಹಾಕಿದಳು. ನಾದಿನಿ ಗ್ಯಾರೇಜಿಗೆ ಬೀಗ ಜಡಿದು ಓಡಿಬಂದಳು.

“ಅಮ್ಮ, ನಿಜಕ್ಕೂ ಕಲಿತೀಯಾ? ಹಳೇ ಡುಬ್ಬೀನ ಅಪ್ಪ ಬಿಟ್ರೆ ಇನ್ಯಾರೂ ಓಡಿಸೋಕಾಗ್ತಿರ್ಲಿಲ್ಲ, ಅಷ್ಟು ಹಠ ಅದಕ್ಕೆ. ಈಗಿನದ್ದು ಸಾಧು. ಹೊಲಿಗೆ ಮಿಷನ್ ತುಳಿದ ಕಾಲು ನಿಂದು, ಕ್ಲಚ್ಚು ಅದರಷ್ಟು ಕಷ್ಟ ಇಲ್ಲ.”

ಮಗ ತಲೆಯ ಮೇಲೆ ಕೈ ಹೊತ್ತುಕೊಂಡ. ಅವನ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಮುಚ್ಚಿಹೋದ ಸೋಪಿನ ಕಾರ್ಖಾನೆಯ ಅಂಗಳದಲ್ಲಿ ಸಂಜೆ ಸಂಜೆ ಪಾಠ ಶುರುವಾಯಿತು. ಖಾಲಿ ಅಂಗಳದಲ್ಲಿ ಹುಲ್ಲು ಬೆಳೆದಿತ್ತು, ಎತ್ತರದ ಚಿಮಣಿಯ ನೆರಳು ಉದ್ದಕ್ಕೂ ಮಲಗಿರುತ್ತಿತ್ತು. ಹೊಲಿಗೆಯಮ್ಮ ಆ ನೆರಳಿನ ಅಂಚು ಹಿಡಿದು, ಬಟ್ಟೆಯ ಅಂಚಿನ ಮೇಲೆ ಸೂಜಿ ಓಡಿಸುವ ಹಾಗೆ, ನೆಟ್ಟಗೆ ಓಡಿಸುವುದನ್ನು ಕಲಿತಳು. ಮೊದಲು ಸ್ವಲ್ಪ ದಿನ ಡುಬ್ಬಿ ಕಪ್ಪೆಯ ಹಾಗೆ ಕುಪ್ಪಳಿಸಿತು. ಆಮೇಲೆ ಕಾಲಿಗೆ ತಾಳ ಸಿಕ್ಕಿತು. ಒಂದು ಸಂಜೆ ಅಂಗಳವನ್ನು ಸುತ್ತುತ್ತಾ ಸುತ್ತುತ್ತಾ ನಿಲ್ಲಿಸಲೇ ಮನಸ್ಸು ಬಾರದೆ, ಮಗಳು ಬಾಗಿಲು ಬಡಿದು ಇಳಿಸಬೇಕಾಯಿತು. ಯಜಮಾನರು ದೂರದಲ್ಲಿ, ತಾವು ದುಡಿದ ಬಾಯ್ಲರ್ ಮನೆಯ ಮೆಟ್ಟಿಲ ಮೇಲೆ ಕೂತು ಹೆಬ್ಬೆರಳು ಎತ್ತುತ್ತಿದ್ದರು.

ಕಲಿಯುವವರ ಪರವಾನಗಿ ಕೈಗೆ ಬಂದ ಮೇಲೆ ಒಂದು ಗುರುವಾರ ಕೆಂಪು ಅಕ್ಷರದ ಫಲಕ ಅಂಟಿಸಿಕೊಂಡು ಡುಬ್ಬಿ ಹೊರಟಿತು. ಹಿಂದೆ ಗಂಟು, ಪಕ್ಕದಲ್ಲಿ ಯಜಮಾನರು, ಸ್ಟೀರಿಂಗಿನ ಮುಂದೆ ಹೊಲಿಗೆಯಮ್ಮ. ಸೊಸೆ ಬಾಗಿಲಲ್ಲಿ ನಿಂತು, “ಹುಷಾರು ಅತ್ತೇ!” ಎಂದು ಕೂಗಿದಳು. ಎರಡು ತಿರುವು ಸಲೀಸಾಗಿ ದಾಟಿತು. ಮೂರನೆಯದರಲ್ಲಿ ಎದುರಿಗೆ ಲಾರಿಯೊಂದು ಇಳಿದುಬಂತು. ಅವಳು ಗಾಬರಿಯಾಗಿ ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟಳು. ಡುಬ್ಬಿ ಒಮ್ಮೆ ಕೊಸರಿ ನಿಂತಿತು. ಬ್ರೇಕಿನ ಮೇಲೆ ಕಾಲಿಟ್ಟು ಹಿಡಿದುಕೊಂಡಳು. ಲಾರಿ ದಾಟಿಹೋಯಿತು. ಹಿಂದೆ ಯಾರೋ ಹಾರ್ನ್ ಹೊಡೆದರು.

ಯಜಮಾನರು ಕೈ ಎತ್ತಿ ಸನ್ನೆ ಮಾಡಿದರು. ಕಾಲು ಮೆಲ್ಲಗೆ ಎತ್ತು ಎಂದು ಅಂಗೈಯನ್ನು ನಿಧಾನ ಮೇಲೆತ್ತಿ ತೋರಿಸಿದರು. ಅವಳ ಕಣ್ಣು ರಸ್ತೆಯಲ್ಲಿ ನೆಟ್ಟಿತ್ತು. ಇನ್ನೊಮ್ಮೆ ತೋರಿಸಿದರು.

“ಕೈ ಆಡಿಸ್ಬೇಡ್ರೀ! ನಾನು ರಸ್ತೆ ನೋಡ್ಲಾ, ನಿಮ್ಮ ಕೈ ನೋಡ್ಲಾ?”

ಅವರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ತೊಡೆಯ ಮೇಲೆ ಬಂದು ಕೂತಿತು. ಗಂಟಲು ಸರಿಮಾಡಿಕೊಳ್ಳುವ ಸದ್ದಾಯಿತು.

“ಹೆದರ್ಬೇಡ,” ಅಂದರು. “ಇಂಜಿನ್ ಆನ್ ಮಾಡು. ಹಾಂ. ಈಗ ಕ್ಲಚ್ಚು, ಮೆಲ್ಲಗೆ. ಅರ್ಧಕ್ಕೆ ಹಿಡ್ಕೋ. ಗಾಡಿ ಎಲ್ಲೂ ಹೋಗಲ್ಲ, ನಾನಿದೀನಿ.” ಹಿಂದಿನ ಹಾರ್ನು ಇನ್ನೊಮ್ಮೆ ಕೂಗಿತು. ಅವರು ಮುಂದಕ್ಕೆ ಬಾಗಿದರು, ದನಿ ತಗ್ಗಿತು. “ಹೊಡ್ಕೊಳ್ಲಿ ಬಿಡು ಅವನು. ಬಾರೇ ನನ್ನ ಬಂಗಾರ. ಇನ್ನೊಂದು ಸ್ವಲ್ಪ. ಆಗುತ್ತೆ, ಆಗುತ್ತೆ, ಯಾಕಾಗಲ್ಲ? ಹಾಂ... ಹಂಗೇ... ಜಾಣೆ ನೀನು.”

ಡುಬ್ಬಿ ತಿರುವು ಹತ್ತಿತು. ಹೊಲಿಗೆಯಮ್ಮನ ಕಣ್ಣು ತುಂಬಿ ರಸ್ತೆ ಮಂಜಾಯಿತು. ಈ ಸಲ ಕಣ್ಣು ಮುಚ್ಚುವ ಹಾಗಿರಲಿಲ್ಲ. ಆಸ್ಪತ್ರೆಯ ಗೇಟಿನೊಳಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಕೈ ಸ್ಟೀರಿಂಗಿನ ಮೇಲೇ ಬಿಟ್ಟು ಕೇಳಿದಳು.

“ಯಾರಿಗೆ ಹೇಳಿದ್ರಿ ಅದನ್ನ?”

ಅವರು ಬೆರಳೆತ್ತಿ ಅವಳ ಕಡೆ ತೋರಿಸಲು ಹೋದವರು, ಕೈ ಇಳಿಸಿದರು. “ನಿಂಗೆ,” ಅಂದರು.

“ಮೊದಲೆಲ್ಲಾ?”

“ಮೊದಲು ನೀನು ನಿದ್ದೆ ಮಾಡ್ತಿದ್ದೆಯಲ್ಲ.”

“ಮಾಡ್ತಿರ್ಲಿಲ್ಲ.”

“ಒಂದು ದಿನವೂ?”

“ಒಂದು ದಿನವೂ.”

ಯಜಮಾನರ ಕಿವಿ ಕೆಂಪಾಯಿತು. ಮುಖ ಆಚೆ ತಿರುಗಿಸಿಕೊಂಡರು. ಬಾಯ್ಲರಿನ ಮುಂದೆ ಅಷ್ಟು ವರ್ಷ ನಿಂತ ಮನುಷ್ಯ, ಬೆಂಕಿಗೆ ಹೆದರದವರು, ಹೆಂಡತಿಯ ಮುಖ ನೋಡಲಾರದೆ ಹಿಂದಿನ ಸೀಟಿನ ಗಂಟನ್ನು ಬಿಗಿಯಾಗೇ ಇದ್ದರೂ ಇನ್ನೊಮ್ಮೆ ಬಿಗಿದರು.

ಆಮೇಲೆ ಮನೆಯಲ್ಲಿ ಬೇಳೆಯ ಉಪ್ಪು ಸರಿಹೋಯಿತು. ಅಂಗಿಗಳಿಗೆ ಎಡಕ್ಕೊಂದು, ಬಲಕ್ಕೊಂದು ತೋಳು ಬಂತು. ಊಟಕ್ಕೆ ಕೂತಾಗ ಯಜಮಾನರ ಎರಡು ಬೆರಳು ಈಗಲೂ ಏಳುತ್ತಿದ್ದವು, ಅವಳು ಈಗ ನಕ್ಕು ಬಡಿಸುತ್ತಿದ್ದಳು. ಗುರುವಾರ ಮಾತ್ರ ಸ್ಟೀರಿಂಗ್ ಅವಳದ್ದೇ. ಪರೀಕ್ಷೆ ಕೊಟ್ಟು ಪಾಸಾದಳು, ಕೆಂಪು ಫಲಕ ಕಿತ್ತಳು. ಪೇಟೆಯ ಗಿಜಿಗಿಜಿಯಲ್ಲೂ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಓಡಿಸುತ್ತಾಳೆಂದು ಸೊಸೆ ಬೀದಿಗೆಲ್ಲ ಹೇಳಿಕೊಂಡು ಬಂದಳು.

ವರ್ಷ ತಿರುಗುವ ಮೊದಲೇ ಮಗಳು ಒಂದು ಸಂಜೆ ಕೈಯಲ್ಲಿ ಕರಿಹಿಡಿದ ತಟ್ಟೆಯೊಂದನ್ನು ಹಿಡಿದು ಮನೆಗೆ ಬಂದಳು. ಎಲ್ಲರೂ ಟೀ ಕುಡಿಯುತ್ತಿದ್ದರು.

“ಇದೇನು ಗೊತ್ತಾ? ಡುಬ್ಬಿಯ ಕ್ಲಚ್ ಪ್ಲೇಟು. ಹೆಚ್ಚುಕಮ್ಮಿ ಹೊಸದು ಹಾಕಿದ್ದು. ಸುಟ್ಟು ಸವೆದುಹೋಗಿದೆ. ಗುಡ್ಡದ ಕಡಿದಾದ ತಿರುವಲ್ಲಿ ಅರ್ಧ ಕ್ಲಚ್ಚಲ್ಲಿ ಬಹಳ ಹೊತ್ತು ನಿಲ್ಲಿಸಿದ್ರೆ ಮಾತ್ರ ಹಿಂಗಾಗೋದು.”

“ಅಮ್ಮನಿಗೆ ಓಡಿಸೋಕೆ ಬರಲ್ಲ ಅಂತ ನಾನು ಹೇಳ್ಲಿಲ್ವಾ?” ಅಂದ ಮಗ.

“ನಿಂಗಿಂತ ಚೆನ್ನಾಗಿ ಬರುತ್ತೆ. ಅದಕ್ಕೇ ಅರ್ಥ ಆಗ್ತಿಲ್ಲ. ಹೇಳಮ್ಮ, ಎಲ್ಲಿ ನಿಲ್ಲಿಸ್ತೀಯ ನೀನು?”

ಹೊಲಿಗೆಯಮ್ಮ ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಕಣ್ಣಿಗೆ ಹೋಗಲೇ ಇಲ್ಲ. ಮಗಳು ಅಪ್ಪನ ಕಡೆ ತಿರುಗಿದಳು. ಯಜಮಾನರು ಎಂದಿನಂತೆ ಅಂಗೈ ಅಡ್ಡ ಹಿಡಿದರು. ಸಾಕು, ಬಿಡು. ಆಮೇಲೆ ಏನೋ ನೆನಪಾದವರಂತೆ ಹೆಂಡತಿಯ ಮುಖ ನೋಡಿದರು, ಕೈ ಇಳಿಸಿದರು, ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು ಹೇಳಿದರು.

“ಸವೆದ್ರೆ ಸವೀಲಿ ಬಿಡು. ಗುರುವಾರದೊಳಗೆ ಹೊಸದು ಹಾಕ್ಕೊಡು.”